ಹೃದಯ ಕಾಯುವ ಕಿಡಿ

ಕಳೆದ ತಿಂಗಳು ಚಳ್ಳಕೆರೆಯಿಂದ ಅಕ್ಕ, ಭಾವ ನಮ್ಮ ಮೊಳಕಾಲ್ಮೂರಿಗೆ ಬಂದಿದ್ದರು. ಶೇಂಗಾ ಚೀಲ ಎತ್ತುವಾಗ ಭಾವನವರಿಗೆ ಎದೆ ಹಿಡಿದಂತಾಗುತ್ತದೆ, ಐದು ನಿಮಿಷ ಕೂತರೆ ಸರಿಹೋಗುತ್ತದೆ ಅಂತ ಅಕ್ಕ ಹೇಳಿದಳು. "ಗ್ಯಾಸು ಬಿಡಮ್ಮ" ಅಂತ ಭಾವ ನಕ್ಕು, ಜೇಬಿನಿಂದ ವಿಟಮಿನ್ 'ಇ' ಗುಳಿಗೆ ತೆಗೆದು ತೋರಿಸಿದರು. "ಫ್ರೀ ರ್ಯಾಡಿಕಲ್‌ಗಳನ್ನೆಲ್ಲ ಇದು ತೊಳೆದು ಹಾಕುತ್ತಂತೆ. ಇನ್ನು ಹಾರ್ಟಿಗೆ ಭಯವಿಲ್ಲ!"

ನನಗೆ ಮಾತ್ರ ಭಯವಾಯಿತು. ಬಲವಂತ ಮಾಡಿ ಡಾಕ್ಟರಿಗೆ ತೋರಿಸಿದೆವು. ಗ್ಯಾಸಲ್ಲ, ಹೃದಯದ ರಕ್ತನಾಳ ಕಿರಿದಾಗಿತ್ತು. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ನಿಮಗೆ ಹೇಳಬೇಕೆನಿಸಿತು.

ಆಮ್ಲಜನಕ ನಮ್ಮ ಜೀವಕೋಶದಲ್ಲಿ ಉರಿದು ಶಕ್ತಿ ಕೊಡುವಾಗ, ಒಲೆಯಿಂದ ಕಿಡಿ ಹಾರಿದ ಹಾಗೆ ಈ ಫ್ರೀ ರ್ಯಾಡಿಕಲ್‌ಗಳು ಹುಟ್ಟುತ್ತವೆ. ಅತಿಯಾದರೆ ಸುಡುತ್ತವೆ, ನಿಜ. ಬಹಳ ಹೊತ್ತು ಮುಚ್ಚಿದ ರಕ್ತನಾಳ ತೆರೆದಾಗ ಒಮ್ಮೆಲೇ ಎದ್ದು ಹೃದಯದ ಸ್ನಾಯುವಿಗೆ ಪೆಟ್ಟು ಕೊಡುತ್ತವೆ. ಆದರೆ ಸ್ವಲ್ಪವಿದ್ದರೆ ಕಾವಲುಗಾರನ ಕೂಗಿನಂತೆ ಎಚ್ಚರಿಸುತ್ತವೆ.

1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮರ್ರಿ, ಜೆನ್ನಿಂಗ್ಸ್, ರೀಮರ್ ಎಂಬವರು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷದಂತೆ 4 ಸಲ ಮುಚ್ಚಿ ತೆರೆದು, ಆಮೇಲೆ 40 ನಿಮಿಷ ಮುಚ್ಚಿದರು. ಹೀಗೆ ಮೊದಲೇ ಸಿದ್ಧಪಡಿಸಿದ ಹೃದಯಕ್ಕೆ ಆದ ಹಾನಿ, ಸಿದ್ಧಪಡಿಸದ ಹೃದಯಕ್ಕಾದ ಹಾನಿಯ ಕಾಲು ಭಾಗ ಮಾತ್ರ! ಆ ಎಚ್ಚರಿಕೆ ಕೊಡುವವರಲ್ಲಿ ಫ್ರೀ ರ್ಯಾಡಿಕಲ್ ಕೂಡ ಒಂದು ಅಂತ ಮುಂದೆ ತಿಳಿಯಿತು. ಪ್ರಾಣಿಗಳಿಗೆ ಮೊದಲೇ ಅದನ್ನು ಅಳಿಸುವ ಮದ್ದು ಕೊಟ್ಟಾಗ ಆ ರಕ್ಷಣೆ ತಪ್ಪಿಹೋದದ್ದುಂಟು. ನಮ್ಮ ಹೊಲದಲ್ಲಿ ಎಳೆ ಶೇಂಗಾ ಗಿಡ ತುಸು ಬಾಡಿದರೆ ಬೇರು ಆಳಕ್ಕಿಳಿಯುತ್ತದಲ್ಲ, ಹಾಗೆ.

"ಹಾಗಾದರೆ ಇವರ ಎದೆನೋವು ಒಳ್ಳೆಯದೇ ಆಯ್ತಲ್ಲ?" ಅಂದಳು ಅಕ್ಕ. ಖಂಡಿತ ಹಾಗೆ ತಿಳಿಯಬೇಡಿ! ಆ ರಕ್ಷಣೆ ಒಂದೆರಡು ಗಂಟೆಯದು. ಮರುದಿನ ತುಸು ಮರಳಿ ಬಂದರೂ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಕಿರಿದಾದ ರಕ್ತನಾಳ ಕಿರಿದಾಗಿಯೇ ಉಳಿಯುತ್ತದೆ.

ಇನ್ನು ಗುಳಿಗೆಯ ಮಾತು. ಬ್ರಿಟನ್ನಿನಲ್ಲಿ 20,000ಕ್ಕೂ ಹೆಚ್ಚು ಜನರಿಗೆ 5 ವರ್ಷ ವಿಟಮಿನ್ 'ಇ', 'ಸಿ', ಬೀಟಾ ಕ್ಯಾರೋಟಿನ್ ಅಥವಾ ಬರೀ ಹುಸಿಗುಳಿಗೆ ಕೊಟ್ಟು ನೋಡಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಿಟಮಿನ್ನಿನಿಂದ ಹೃದಯಾಘಾತವೇನೂ ಕಡಿಮೆಯಾಗಲಿಲ್ಲ. ದುಡ್ಡು ದಂಡ!

ನಾವು ಮಾಡಬೇಕಾದದ್ದು ಇಷ್ಟು. ನೆಲ್ಲಿಕಾಯಿ, ಸೀಬೆಹಣ್ಣು, ಸೊಪ್ಪು, ಒಂದು ಹಿಡಿ ಹುರಿದ ಶೇಂಗಾ ತಿನ್ನೋಣ. ದಿನಾ ಅರ್ಧ ಗಂಟೆ ನಡೆಯೋಣ. ಡಾಕ್ಟರು ಬರೆದ ಮಾತ್ರೆಯನ್ನು ನಾವಾಗಿ ನಿಲ್ಲಿಸುವುದು ಬೇಡ. ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಬೆವರಿದರೆ, ಸೋಡಾ ಕುಡಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ. ನಮಗೇ ಹಾಗಾದರೂ "ಅಡಿಗೆ ಮುಗಿಸಿ ಹೋದರಾಯ್ತು" ಅನ್ನಬೇಡಿ.

ಭಾವನವರು ಈಗ ಚೀಲ ಎತ್ತುವುದಿಲ್ಲ. ಡಾಕ್ಟರ ಮಾತ್ರೆ ನುಂಗಿ, ಅಕ್ಕನ ಜೊತೆ ಸಂಜೆ ನಡೆಯುತ್ತಾರೆ.