ಗ್ಯಾಸ್ಕೆಟ್ ಸಿಗದೆಂದು ಜೀಪನ್ನು ಗುಜರಿಗೆ ಹಾಕಬೇಕೇ?

ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿರುವ ಗಬ್ಬೂರು ಬಹಳ ಜನರಿಗೆ ಪರಿಚಿತವಾಗಿರುವುದು ಒಂದು ಕ್ರಾಸ್ ಎಂಬ ಹೆಸರಿನಲ್ಲಿ. ಬೆಂಗಳೂರಿನ ಕಡೆಯಿಂದ ಬರುವ ಲಾರಿಗಳು ಇಲ್ಲಿ ಪೇಟೆಯನ್ನು ತೊರೆದು, ಧಾರವಾಡದ ಆಚೆಗಿನ ನರೇಂದ್ರದವರೆಗೆ ಸಾಗುವ ಬೈಪಾಸ್ ಹಿಡಿಯುತ್ತವೆ. ಕಲಘಟಗಿ, ಮುಂಡಗೋಡ, ಯಲ್ಲಾಪುರ, ಶಿರಸಿ ಸೀಮೆಯ ಹಳ್ಳಿಗರಿಗಾದರೋ ಹುಬ್ಬಳ್ಳಿಯೆಂದರೆ ಆಸ್ಪತ್ರೆಯ ಊರು, ಅದರ ನಂತರ ಬಿಡಿಭಾಗಗಳ ಊರು. ಘಟ್ಟದ ಮೇಲಿನ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ವಾಹನಕ್ಕೆ ಬೇಕಾದ ಸಾಮಾನು ಊರಲ್ಲಿ ಸಿಗದಿದ್ದಾಗ ಯಾರಾದರೂ ಒಬ್ಬರು ಮುಂಜಾನೆಯ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೊರಡುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಹಾಗೆ ಹೋದವರು ಬರಿಗೈಯಲ್ಲಿ ಮರಳುವುದು ಹೆಚ್ಚುತ್ತಿದೆ. ಅವರು ಕೇಳಿಕೊಂಡು ಹೋದದ್ದು ದುಬಾರಿಯ ಯಂತ್ರಭಾಗವೇನೂ ಅಲ್ಲ. ಹಳೆಯ ಜೀಪಿನ ಅಥವಾ ಅಂಬಾಸಿಡರ್ ಕಾರಿನ ಹಿಂದಿನ ಆಕ್ಸಲ್ಲಿಗೆ ಬೇಕಾದ ಒಂದು ಕಾಗದದ ಗ್ಯಾಸ್ಕೆಟ್, ಗ್ಯಾರೇಜಿನವರ ಮಾತಿನಲ್ಲಿ ಹೇಳುವುದಾದರೆ ‘ಹೌಸಿಂಗ್ ಪ್ಯಾಕಿಂಗ್’.

ಪರಿಸರದ ಪತ್ರಿಕೆಗೂ ಕಾರಿನ ಪ್ಯಾಕಿಂಗಿಗೂ ಏನು ಸಂಬಂಧವೆಂದು ಹುಬ್ಬೇರಿಸುವವರು ಇರಬಹುದು. ಸಂಬಂಧ ಹಳ್ಳದ ನೀರಿನಲ್ಲಿದೆ, ಘಟ್ಟದ ತಿರುವಿನಲ್ಲಿದೆ, ಅದಿರಿನ ಗುಡ್ಡದಲ್ಲಿಯೂ ಇದೆ.

ಮೊದಲು ಯಂತ್ರದ ಮಾತು. ಹಿಂಬದಿಯ ಗಾಲಿಗಳೆರಡರ ನಡುವಿನ ಉಕ್ಕಿನ ಗೂಡಿನಲ್ಲಿ ಕ್ರೌನ್ ಮತ್ತು ಪಿನಿಯನ್ ಹಲ್ಲುಗಾಲಿಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತಿರುತ್ತವೆ. ಅದರಲ್ಲಿರುವುದು ತೊಂಬತ್ತನೇ ನಂಬರಿನ ದಪ್ಪ ಗೇರ್ ಆಯಿಲ್, ಒಂದರಿಂದ ಒಂದೂವರೆ ಲೀಟರಿನಷ್ಟು. ಲೋಹಕ್ಕೆ ಲೋಹ ಎಷ್ಟೇ ನುಣುಪಾಗಿ ಕೂಡಿದರೂ ನಡುವೆ ಉಳಿಯುವ ಕೂದಲೆಳೆಯ ಬಿರುಕಿನಿಂದ ಎಣ್ಣೆ ಜಿನುಗುತ್ತದೆ. ಆ ಬಿರುಕನ್ನು ತುಂಬುವುದೇ ಗ್ಯಾಸ್ಕೆಟ್ಟಿನ ಕೆಲಸ. ಹಳೆಯ ಜೀಪುಗಳಲ್ಲಿ ಗೂಡಿನ ಹಿಂಭಾಗಕ್ಕೆ ಪಾತ್ರೆಯ ಮುಚ್ಚಳದಂತಹ ತಗಡಿನ ಕವರು, ಅದರ ಸುತ್ತ ಹತ್ತು ಬೋಲ್ಟು. ಗ್ಯಾಸ್ಕೆಟ್ ಕೂರುವುದು ಅಲ್ಲಿ. 1950ರ ದಶಕದ ಬ್ರಿಟಿಷ್ ಮೋರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ಅಂಬಾಸಿಡರಿನಲ್ಲಿ ಹಿಂಭಾಗ ಮುಚ್ಚಿಯೇ ಇರುತ್ತದೆ. ಹಲ್ಲುಗಾಲಿಗಳ ಗಂಟನ್ನು ಮುಂಭಾಗದಿಂದ ಒಳಸೇರಿಸಿ, ನಡುವೆ ಕಾಗದವಿಟ್ಟು ನಟ್ಟು ಬಿಗಿಯುತ್ತಾರೆ. ಗಾಲಿಯ ಹಬ್ಬಿನಲ್ಲಿ ಇನ್ನೊಂದು ಚಿಕ್ಕ ಕಾಗದವಿರುತ್ತದೆ.

ಈ ಚಿಕ್ಕ ಕಾಗದವೇ ಹೆಚ್ಚು ಅಪಾಯದ್ದು. ಮಧ್ಯದ ಗೂಡಿನಿಂದ ಸೋರಿದ ಎಣ್ಣೆ ನೆಲಕ್ಕೆ ಬೀಳುತ್ತದೆ. ಹಬ್ಬಿನ ಕಡೆ ಸೋರಿದ್ದು ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತದೆ. ಎಣ್ಣೆ ಕುಡಿದ ಲೈನಿಂಗು ಹಿಡಿತ ಕಳೆದುಕೊಳ್ಳುತ್ತದೆ, ಇಲ್ಲವೇ ಒಂದೇ ಬದಿಗೆ ಎಳೆಯುತ್ತದೆ. ಸಮತಟ್ಟಾದ ಹುಬ್ಬಳ್ಳಿಯ ರಸ್ತೆಯಲ್ಲಿ ಇದು ಬರೀ ಕಿರಿಕಿರಿಯೆನಿಸೀತು. ಅರಬೈಲ್ ಘಟ್ಟದಲ್ಲಿ, ದೇವಿಮನೆ ಘಟ್ಟದಲ್ಲಿ, ಮಳೆಗಾಲದ ರಾತ್ರಿ ಹೆರಿಗೆ ನೋವಿನ ಹೆಂಗಸನ್ನು ಹೊತ್ತು ಇಳಿಯುವ ಜೀಪಿನಲ್ಲಿ ಅದು ಬದುಕು ಸಾವಿನ ಪ್ರಶ್ನೆ. ಡಾಂಬರು ಮುಗಿದು ಮಣ್ಣುದಾರಿ ಶುರುವಾಗುವ ಕಡೆ ಹೊಸ ಕಾರು ಹಿಂದೆ ಉಳಿಯುತ್ತದೆ. ಅಲ್ಲಿಂದ ಮುಂದೆ ಅಡಿಕೆ ಮೂಟೆ, ಗೊಬ್ಬರ, ರೋಗಿ, ಮದುವೆಯ ದಿಬ್ಬಣ ಎಲ್ಲವೂ ಸಾಗುವುದು ಮೂವತ್ತು ನಲವತ್ತು ವರ್ಷದ ಜೀಪಿನಲ್ಲಿಯೇ.

ಆ ಜೀಪಿನ ಆಯುಷ್ಯ ಈಗ ಕಾನೂನಿನ ಎರಡು ಡಬ್ಬಿಗಳ ನಡುವೆ ಸಿಕ್ಕಿಕೊಂಡಿದೆ. ಒಂದು ಡಬ್ಬಿ ಗುಜರಿಯದು. 2021ರಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ನೀತಿಯನ್ನು ತಂದಿತು. 2022ರ ಏಪ್ರಿಲಿನಿಂದ ಹದಿನೈದು ವರ್ಷ ದಾಟಿದ ಕಾರು ಜೀಪುಗಳ ನೋಂದಣಿ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದವುಗಳಿಗೆ 2025ರ ಆಗಸ್ಟಿನಲ್ಲಿ ಅದು 10,000 ಆಯಿತು. ಇನ್ನೊಂದು ಡಬ್ಬಿ ವಸ್ತುಸಂಗ್ರಹದ್ದು. 2021ರ ಜುಲೈಯಲ್ಲಿ ಬಂದ ನಿಯಮದಂತೆ ಐವತ್ತು ವರ್ಷ ಮೀರಿದ ವಾಹನವನ್ನು 20,000 ರೂಪಾಯಿ ಕಟ್ಟಿ ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆದರೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ಮಾತ್ರ ರಸ್ತೆಗಿಳಿಸಬಹುದು. ಶ್ರೀಮಂತರ ಗ್ಯಾರೇಜಿನಲ್ಲಿ ಮಿರುಗುವ ಕಾರಿಗೆ ಇದು ಸರಿಹೋದೀತು. ಸೊಸೈಟಿಗೆ ಅಡಿಕೆ ಸಾಗಿಸುವ ಜೀಪು ಅತ್ತ ಗುಜರಿಯೂ ಅಲ್ಲ, ಇತ್ತ ಪ್ರದರ್ಶನದ ಬೊಂಬೆಯೂ ಅಲ್ಲ. ಅದು ದುಡಿಯುವ ಎತ್ತು. ಕಾನೂನು ರೂಪಿಸಿದವರ ಕಣ್ಣಿಗೆ ದುಡಿಯುವ ಹಳೆಯ ವಾಹನ ಬಿದ್ದಂತೆ ಕಾಣುವುದಿಲ್ಲ.

ಆದರೂ ಒಂದು ಸಂಗತಿಯನ್ನು ಹಳ್ಳಿಗರು ಗಟ್ಟಿಯಾಗಿ ತಿಳಿದಿರಬೇಕು. ದೆಹಲಿ ಸೀಮೆಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲೆ ನ್ಯಾಯಾಲಯಗಳು ಹೇರಿದ ವಯಸ್ಸಿನ ನಿರ್ಬಂಧ ಕರ್ನಾಟಕದ ಖಾಸಗಿ ವಾಹನಗಳಿಗೆ ಅನ್ವಯಿಸಿದ್ದಲ್ಲ. ಇಲ್ಲಿ ನಿರ್ಣಾಯಕವಾಗಿರುವುದು ಯೋಗ್ಯತಾ ಪರೀಕ್ಷೆ. ಬ್ರೇಕು ಸರಿಯಿದ್ದು, ಹೊಗೆ ಮಿತಿಯಲ್ಲಿದ್ದರೆ ವಾಹನ ಓಡಬಹುದು. ಹೀಗಿರುವಾಗ ಕೆಲವೇ ರೂಪಾಯಿಯ ಕಾಗದ ಸಿಗದ ಕಾರಣಕ್ಕೆ ಎಣ್ಣೆ ಸೋರಿ, ಬ್ರೇಕು ಸೋತು, ಪರೀಕ್ಷೆಯಲ್ಲಿ ಬಿದ್ದು, ಟನ್ನಿಗೂ ಮಿಕ್ಕಿದ ಲೋಹ ಗುಜರಿಯವನ ತಕ್ಕಡಿ ಏರುವುದೆಂದರೆ ಏನನ್ನಬೇಕು?

ಆ ಲೋಹ ಎಲ್ಲಿಂದ ಬಂದದ್ದೆಂದು ಮಲೆನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುದುರೆಮುಖದ ಗಣಿ 2005ರ ಡಿಸೆಂಬರ್ ಕೊನೆಯಲ್ಲಿ ನಿಂತದ್ದು ದೀರ್ಘ ಹೋರಾಟದ ನಂತರ. ಅದೇ ದಶಕದಲ್ಲಿ ಬಳ್ಳಾರಿ, ಹೊಸಪೇಟೆಯ ಅದಿರು ತುಂಬಿದ ಲಾರಿಗಳು ಹುಬ್ಬಳ್ಳಿಯನ್ನು ಹಾದು, ಯಲ್ಲಾಪುರದ ಕಾಡಿಗೆ ಕೆಂಪು ಧೂಳೆರಚುತ್ತ ಬೇಲೆಕೇರಿ, ಕಾರವಾರ ಬಂದರುಗಳಿಗೆ ಇಳಿದವು. ಒಂದು ಟನ್ ಹೊಸ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು ಬೇಕು, ಮುಕ್ಕಾಲು ಟನ್ನಿನಷ್ಟು ಕಲ್ಲಿದ್ದಲು ಬೇಕು. ಗುಜರಿ ಕರಗಿ ಮತ್ತೆ ಉಕ್ಕಾಗುತ್ತದೆ, ಅದರಿಂದ ಅದಿರು ಉಳಿಯುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಕರಗಿಸಲು ವಿದ್ಯುತ್ತು ಬೇಕು, ಹೊಸ ವಾಹನಕ್ಕೆ ರಬ್ಬರು, ಪ್ಲಾಸ್ಟಿಕ್ಕು, ತಾಮ್ರ, ಅಲ್ಯುಮಿನಿಯಂ ಬೇಕು. ವಿದ್ಯುತ್ತಿಗಾಗಿ ಕಾಳಿ, ಶರಾವತಿಗಳು ಏನೇನು ತೆತ್ತವೆಂಬುದು ಈ ಓದುಗರಿಗೆ ಹೊಸ ವಿಷಯವಲ್ಲ.

ಹಳೆಯ ಡೀಸೆಲ್ ಎಂಜಿನ್ನಿನ ಹೊಗೆ ಹೊಸದರ ಹೊಗೆಗಿಂತ ಕೆಟ್ಟದ್ದೆಂಬುದನ್ನೂ ಒಪ್ಪಲೇಬೇಕು. ದಿನವಿಡೀ ಪೇಟೆಯಲ್ಲಿ ಸುತ್ತುವ ಟ್ಯಾಕ್ಸಿಯನ್ನು ಮೂವತ್ತು ವರ್ಷ ಓಡಿಸಬೇಕೆಂದು ವಾದಿಸುವುದು ಹಟಮಾರಿತನ. ವಾರಕ್ಕೊಮ್ಮೆ ಸಂತೆಗೆ, ತಿಂಗಳಿಗೆರಡು ಸಲ ಆಸ್ಪತ್ರೆಗೆ ಹೋಗುವ ಊರೊಟ್ಟಿನ ಜೀಪಿನ ಲೆಕ್ಕ ಬೇರೆ. ಅದು ಉಗುಳುವ ಹೊಗೆಗಿಂತ ಅದರ ಬದಲಿಗೆ ತಯಾರಾಗುವ ಹೊಸ ವಾಹನದ ಹೊರೆ ಹೆಚ್ಚಿನದಾಗುವ ಸಂಭವವೇ ದೊಡ್ಡದು. ಹಳೆಯದೆಲ್ಲ ಹೊನ್ನೆಂಬುದೂ, ಹಳೆಯದೆಲ್ಲ ವಿಷವೆಂಬುದೂ ಒಂದೇ ಸೋಮಾರಿತನದ ಎರಡು ಮುಖಗಳು.

ಹಾಗಾದರೆ ಕಾಗದ ಎಲ್ಲಿಂದ? ಅಂಬಾಸಿಡರ್ ತಯಾರಿಕೆ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರ ಮೇ ತಿಂಗಳಲ್ಲಿ ನಿಂತಿತು. ಕಾರ್ಖಾನೆ ಮುಚ್ಚಿದಾಗ ಮೊದಲು ಕಣ್ಮರೆಯಾಗುವುದು ಇಂಥ ಅಗ್ಗದ ವಸ್ತುಗಳೇ. ಲಾಭ ಕಡಿಮೆಯಾದ್ದರಿಂದ ಯಾರೂ ದಾಸ್ತಾನು ಇಡುವುದಿಲ್ಲ. ಉಳಿದದ್ದು ತಾವೇ ಕತ್ತರಿಸಿಕೊಳ್ಳುವ ದಾರಿ. ಅದು ಹೊಸದೂ ಅಲ್ಲ. ಹಾಳೆಯನ್ನು ಗೂಡಿನ ಬಾಯಿಗೆ ಹಿಡಿದು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟಿ ಅಚ್ಚು ಮೂಡಿಸಿ, ಬೋಲ್ಟಿನ ತೂತುಗಳನ್ನು ಟೊಳ್ಳು ಪಂಚಿನಿಂದ ಹೊಡೆಯುವ ವಿದ್ಯೆ ಹಿರಿಯ ಮೆಕ್ಯಾನಿಕ್ಕುಗಳ ಕೈಯಲ್ಲಿ ಇನ್ನೂ ಇದೆ. ದೋಷವಿರುವುದು ಕೈಯಲ್ಲಲ್ಲ, ಹಾಳೆಯಲ್ಲಿ. ತುರ್ತಿಗೆ ಕ್ಯಾಲೆಂಡರಿನ ರಟ್ಟು, ಸಾಮಾನಿನ ಪೆಟ್ಟಿಗೆಯ ರಟ್ಟು ಬಳಕೆಯಾಗುತ್ತದೆ. ಅದು ಎಣ್ಣೆ ಹೀರಿ ಮೆತ್ತಗಾಗಿ, ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ. ರಟ್ಟಿನ ಮೇಲೆ ಬೆರಳು ದಪ್ಪ ಸಿಲಿಕಾನ್ ಪೇಸ್ಟ್ ಮೆತ್ತಿದರೆ, ಒಳಕ್ಕೆ ಉಬ್ಬಿದ ಭಾಗ ಕಿತ್ತುಬಂದು ಎಣ್ಣೆಯಲ್ಲಿ ತೇಲುತ್ತದೆ.

ಇನ್ನೂ ಕೆಟ್ಟದ್ದು ಕಲ್ನಾರಿನ ಹಾಳೆ. ಎಂಜಿನ್ನಿಗೆ ಕತ್ತರಿಸಿ ಉಳಿದ ತುಂಡಿದೆಯೆಂದು ಅದನ್ನೇ ಆಕ್ಸಲ್ಲಿಗೂ ಹಾಕುವುದುಂಟು. ಹಿಂದಿನ ಆಕ್ಸಲ್ಲಿನಲ್ಲಿ ಹೊಗೆಕೊಳವೆಯ ಉರಿ ಇರುವುದಿಲ್ಲ. ಕಲ್ನಾರಿನ ಅಗತ್ಯ ಅಲ್ಲಿ ಕಿಂಚಿತ್ತೂ ಇಲ್ಲ. ಕಲ್ನಾರಿನ ಎಲ್ಲ ಬಗೆಗಳೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 1995ರ ಜನವರಿಯಲ್ಲಿಯೇ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಆರೋಗ್ಯದ ಹಕ್ಕನ್ನು ಎತ್ತಿಹಿಡಿಯಿತು. ಹಾಗಿದ್ದರೂ ದೇಶದಲ್ಲಿ ಕಲ್ನಾರಿಗೆ ಪೂರ್ಣ ನಿಷೇಧವಿಲ್ಲ, ಆಮದು ನಡೆದೇ ಇದೆ. ಹಳೆಯ ಪ್ಯಾಕಿಂಗನ್ನು ಒಣಗಿದಂತೆಯೇ ಬ್ಲೇಡಿನಿಂದ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜುವ ಹದಿನಾರರ ಹುಡುಗನ ಶ್ವಾಸಕ್ಕೆ ಹೋಗುವ ಎಳೆ ಅವನ ನಡುವಯಸ್ಸಿನಲ್ಲಿ ಲೆಕ್ಕ ಕೇಳುತ್ತದೆ. ಕೆರೆಯುವ ಮುನ್ನ ಎಣ್ಣೆಯಿಂದಲೋ ನೀರಿನಿಂದಲೋ ಚೆನ್ನಾಗಿ ತೋಯಿಸಿ, ತೆಗೆದ ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದಕ್ಕೆ ಐದು ನಿಮಿಷ ಸಾಕು.

ಸರಿಯಾದ ಹಾಳೆ ದೂರವೇನಿಲ್ಲ. ಹುಬ್ಬಳ್ಳಿ ಕೈಗಾರಿಕಾ ವಾಲ್ವ್ ತಯಾರಿಕೆಗೆ ಹೆಸರಾದ ಊರು. ವಾಲ್ವಿಗೆ ಗ್ಯಾಸ್ಕೆಟ್ಟು ಬೇಕೇ ಬೇಕು. ಆ ಉದ್ಯಮವಿರುವ ಊರಿನಲ್ಲಿ ಕಲ್ನಾರುರಹಿತ ಹಾಳೆ, ಎಣ್ಣೆ ತಾಳುವ ಗ್ಯಾಸ್ಕೆಟ್ ಕಾಗದ, ಬಿರಟೆ ಬೆರೆತ ರಬ್ಬರು ಅಪರಿಚಿತ ವಸ್ತುಗಳಲ್ಲ. ಅರ್ಧ ಮಿಲಿಮೀಟರಿನ ಆಸುಪಾಸಿನ ಎಣ್ಣೆಕಾಗದ ಜೀಪಿನ ಹಿಂದಿನ ಕವರಿಗೆ ಧಾರಾಳವಾಯಿತು. ಹಬ್ಬಿನ ಕಾಗದದಲ್ಲಿ ಮಾತ್ರ ಈ ಧಾರಾಳತನ ಸಲ್ಲದು. ಅಂಬಾಸಿಡರಿನ ವಂಶದ ಆಕ್ಸಲ್ಲುಗಳಲ್ಲಿ ಬೇರಿಂಗು ಹಬ್ಬಿನ ಮುಖಕ್ಕಿಂತ ಎಳೆಯಷ್ಟು ಹೊರಚಾಚಿ, ಶಾಫ್ಟಿನ ತಟ್ಟೆ ಅದನ್ನು ಒತ್ತಿ ಹಿಡಿಯಬೇಕು. ದಪ್ಪ ಕಾಗದವಿಟ್ಟರೆ ಸೋರಿಕೆ ನಿಂತೀತು, ಬೇರಿಂಗಿನ ಹಿಡಿತ ತಪ್ಪೀತು. ಹಳೆಯ ಕಾಗದದ ದಪ್ಪವನ್ನು ಮೈಕ್ರೋಮೀಟರಿನಿಂದ, ಬೋಲ್ಟಿನಡಿ ಹಿಚುಕದ ಜಾಗದಲ್ಲಿ ಅಳೆಯದೆ ನಕಲು ಮಾಡುವುದು ಜಾಣತನವಲ್ಲ. ಜೀಪಿನ ಆಕ್ಸಲ್ ತುದಿಯಲ್ಲಿರುವ ತೆಳು ಲೋಹದ ಶಿಮ್ಮುಗಳನ್ನಂತೂ ಕಾಗದವೆಂದು ಬಗೆದು ಬದಲಿಸಲೇಬಾರದು. ಬೇರಿಂಗಿನ ಸಡಿಲ ನಿಗದಿಯಾಗುವುದು ಅವುಗಳಿಂದಲೇ.

ವಿದ್ಯಾರ್ಥಿಗಳ ಪಾತ್ರ ಬರುವುದು ಇಲ್ಲಿ. ಹುಬ್ಬಳ್ಳಿ–ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಮಲೆನಾಡಿನ ಐಟಿಐಗಳಲ್ಲಿ ಪ್ರತಿ ವರ್ಷ ಪ್ರಾಜೆಕ್ಟ್ ಹೆಸರಿನಲ್ಲಿ ಎಷ್ಟೋ ಮಾದರಿಗಳು ತಯಾರಾಗಿ, ಪರೀಕ್ಷೆಯ ಮರುದಿನ ಮೂಲೆ ಸೇರುತ್ತವೆ. ಅದರ ಬದಲು ಒಂದು ತಂಡ ಹಳೆಯ ಗ್ಯಾಸ್ಕೆಟ್ಟನ್ನು ಅಳತೆಪಟ್ಟಿಯ ಜೊತೆಗೆ ಸ್ಕ್ಯಾನರಿನ ಮೇಲಿಟ್ಟು, ಬೋಲ್ಟು ತೂತುಗಳ ನಡುವಿನ ಅಂತರವನ್ನು ಗೂಡಿನ ಮೇಲೆಯೇ ಪರಿಶೀಲಿಸಿ, ಕಂಪ್ಯೂಟರಿನಲ್ಲಿ ಸರಿಗಾತ್ರದ ನಕ್ಷೆ ಬರೆದರೆ ಸಾಕು. ಹಿಚುಕಿ ಹಿಗ್ಗಿದ ಕಾಗದವನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ತೂತುಗಳು ಕೂಡುವುದಿಲ್ಲ. ಆದ್ದರಿಂದಲೇ ಈ ಪರಿಶೀಲನೆ. ನಕ್ಷೆಯಿದ್ದರೆ ಲೇಸರ್ ಯಂತ್ರದಲ್ಲಿ ಹತ್ತು ಕಾಗದ ಕತ್ತರಿಸುವುದು ಕೆಲವು ನಿಮಿಷದ ಕೆಲಸ. ತೆಳು ಕಾಗದವಾದರೆ ಸ್ಟಿಕರ್ ಕತ್ತರಿಸುವ ಯಂತ್ರಕ್ಕೂ ಸಾಧ್ಯವಾದೀತು. ಕಲ್ನಾರಿನ ಹಾಳೆಯನ್ನು ಮಾತ್ರ ಯಾವ ಯಂತ್ರಕ್ಕೂ ಕೊಡಬಾರದು.

ಹೀಗೆ ನಕಲು ಮಾಡುವುದು ಕಳ್ಳತನವಾಗದೇ ಎಂಬ ಅಂಜಿಕೆ ಸಹಜ. 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿತ ವಿನ್ಯಾಸಕ್ಕೆ ಹೆಚ್ಚೆಂದರೆ ಹದಿನೈದು ವರ್ಷದ ರಕ್ಷಣೆ. ಪೇಟೆಂಟಿಗೆ ಇಪ್ಪತ್ತು ವರ್ಷ. ಅರ್ಧ ಶತಮಾನ ದಾಟಿದ ಆಕ್ಸಲ್ಲಿನ ಕಾಗದದ ಮೇಲೆ ಅಂತಹ ಹಕ್ಕು ಉಳಿದಿರುವುದಿಲ್ಲ. ಕಂಪನಿಯ ಹೆಸರು, ಮುದ್ರೆಗಳನ್ನು ಅದರ ಮೇಲೆ ಹಾಕಬಾರದು, ಅಷ್ಟೇ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ನೇಮಿಸಿತು. ಅದು ಆಯ್ದ ಕ್ಷೇತ್ರಗಳಲ್ಲಿ ವಾಹನಗಳೂ ಕೃಷಿ ಉಪಕರಣಗಳೂ ಸೇರಿವೆ. ಆದರೆ ಮುಚ್ಚಿದ ಕಾರ್ಖಾನೆಯ ನಕ್ಷೆಗಳು ಯಾರ ಸೊತ್ತು, ಅವನ್ನು ಸಾರ್ವಜನಿಕರಿಗೆ ಏಕೆ ಬಿಟ್ಟುಕೊಡಬಾರದು ಎಂಬ ಪ್ರಶ್ನೆಯನ್ನು ದುಡಿಯುವ ಹಳೆಯ ವಾಹನಗಳ ಒಡೆಯರು ಒಟ್ಟಾಗಿ ಕೇಳದಿದ್ದರೆ ದೆಹಲಿಯಲ್ಲಿ ತಾನಾಗಿ ಯಾರೂ ಎತ್ತುವುದಿಲ್ಲ.

ಗ್ಯಾಸ್ಕೆಟ್ ಬದಲಿಸಿದ ಮೇಲೂ ಸೋರಿದರೆ ಕಾಗದವನ್ನು ಬೈಯುವ ಮುನ್ನ ಆಕ್ಸಲ್ಲಿನ ಮೇಲಿರುವ ಉಸಿರುಗಂಡಿಯನ್ನು ನೋಡಬೇಕು. ಓಡುವಾಗ ಬಿಸಿಯಾಗಿ ಹಿಗ್ಗುವ ಗಾಳಿಯನ್ನು ಹೊರಬಿಡುವ ಈ ಪುಟ್ಟ ಬ್ರೀದರು ಮಲೆನಾಡಿನ ಕೆಸರಿನಲ್ಲಿ ಕಟ್ಟಿಕೊಳ್ಳುವುದು ಬಲು ಸಾಮಾನ್ಯ. ಕಟ್ಟಿಕೊಂಡರೆ ಒಳಗಿನ ಒತ್ತಡವೇ ಎಣ್ಣೆಯನ್ನು ಸೀಲಿನಿಂದಾಚೆ ದೂಡುತ್ತದೆ. ಇದಕ್ಕೆ ತಿರುಗಾಮುರುಗಾ ಇನ್ನೊಂದಿದೆ: ಬಿಸಿಯಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಗಂಡಿಯಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆಳೆಯುತ್ತದೆ. ಬಿಚ್ಚಿದಾಗ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಅದೇ ಗುರುತು. ಹಳ್ಳ ದಾಟುವ ಜೀಪುಗಳಿಗೆ ಬ್ರೀದರಿನಿಂದ ರಬ್ಬರು ನಳಿಗೆಯನ್ನು ಎತ್ತರಕ್ಕೆ ಒಯ್ದು ಕಟ್ಟುವುದು ಅಗ್ಗದ ಉಪಾಯ.

ಬಿಚ್ಚುವಾಗ ಹೊರಬರುವ ಎಣ್ಣೆಯ ಗತಿ ಏನಾಗುತ್ತಿದೆ? ಮಲೆನಾಡಿನ ಗ್ಯಾರೇಜುಗಳು ಹೆಚ್ಚಾಗಿ ಹಳ್ಳದ ಪಕ್ಕದಲ್ಲಿಯೇ ಇವೆ, ವಾಹನ ತೊಳೆಯುವುದಕ್ಕೆ ಅನುಕೂಲವೆಂದು. ಬಳಸಿದ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಎಣಿಸುತ್ತವೆ. 2024ರ ಏಪ್ರಿಲಿನಿಂದ ಅದರ ಮರುಬಳಕೆಯ ಹೊಣೆಯನ್ನು ಎಣ್ಣೆ ತಯಾರಕರ ಮೇಲೂ ಹೊರಿಸಲಾಗಿದೆ. ಕಾಗದದಲ್ಲಿ ನಿಯಮ ಚೆನ್ನಾಗಿದೆ. ಘಟ್ಟದ ಮೇಲಿನ ಚಿಕ್ಕ ಗ್ಯಾರೇಜಿನ ಬಾಗಿಲಿಗೆ ಆ ವ್ಯವಸ್ಥೆ ಬಂದು ಮುಟ್ಟಬೇಕಾಗಿದೆ. ಅಷ್ಟರವರೆಗೆ ಪ್ರತಿ ಗ್ಯಾರೇಜಿನಲ್ಲಿ ಮುಚ್ಚಳವಿರುವ ಒಂದು ಡಬ್ಬಿ, ಡಬ್ಬಿ ತುಂಬಿದಾಗ ಪರವಾನಗಿ ಪಡೆದ ಸಂಸ್ಕರಣಕಾರರಿಗೆ ಒಟ್ಟಾಗಿ ಒಯ್ಯುವ ಏರ್ಪಾಡು, ಇಷ್ಟನ್ನು ಗ್ರಾಮ ಪಂಚಾಯಿತಿ ಮಾಡಬಲ್ಲದು. ಗ್ಯಾಸ್ಕೆಟ್ ತರಲು ಹುಬ್ಬಳ್ಳಿಗೆ ಹೋಗುವ ವಾಹನವೇ ಆ ಡಬ್ಬಿಯನ್ನೂ ಒಯ್ಯಬಹುದು.