ಪರದೇಶದ ಶಾಲೆಯೂ ಮನೆಯ ಮಾತೂ

ಅಮೆರಿಕದಲ್ಲಿ ನೆಲಸಿರುವ ಕೊರಿಯದವರು ಮಕ್ಕಳ ವಿದ್ಯೆಗಾಗಿ ಸರ್ವಸ್ವವನ್ನೂ ತೆರುವರೆಂದು ಲೋಕವು ಹೊಗಳುವುದು. ಇದು ಸುಳ್ಳಲ್ಲ. 1965ರ ಕಾಯಿದೆಯಿಂದ ಆ ದೇಶದ ಬಾಗಿಲು ತೆರೆದ ಮೇಲೆ ಹೋದವರಲ್ಲಿ ಪದವೀಧರರು ಅನೇಕರಿದ್ದರು. ಇಂಗ್ಲಿಷು ಸಾಲದೆ, ತಮ್ಮ ಪದವಿಗೆ ಅಲ್ಲಿ ಬೆಲೆಯಿಲ್ಲದೆ, ದಿನಸಿಯಂಗಡಿಯನ್ನೋ ಬಟ್ಟೆ ಒಗೆದುಕೊಡುವ ಅಂಗಡಿಯನ್ನೋ ಇಟ್ಟು ಹಗಲಿರುಳು ದುಡಿದರು. ತಮಗೆ ದಕ್ಕದ ಸ್ಥಾನ ಮಕ್ಕಳಿಗಾದರೂ ದಕ್ಕಲೆಂದು ಬಯಸಿದವರನ್ನು ಅಂಕಗಳ ಹುಚ್ಚರೆಂದು ಹಳಿಯುವುದು ಹೊಟ್ಟೆ ತುಂಬಿದವರ ಮಾತು. ಚೀನೀ ಶಾಸ್ತ್ರಗ್ರಂಥಗಳಲ್ಲಿ ಪರೀಕ್ಷೆ ಕೊಟ್ಟು ರಾಜಾಧಿಕಾರವನ್ನು ಪಡೆಯುವ ಪದ್ಧತಿಯು ಕೊರಿಯದಲ್ಲಿ 1894ರವರೆಗೂ ನಡೆದಿತ್ತು. ಪರೀಕ್ಷೆಯ ಮೇಲಿನ ಅವರ ಶ್ರದ್ಧೆ ನಿನ್ನೆಯದಲ್ಲ.

ನನ್ನ ಆಕ್ಷೇಪವಿರುವುದು ಬೇರೆಡೆ. ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿದರೆ ಮಗು ಶಾಲೆಯಲ್ಲಿ ಮುಂದಾಗುವುದು, ತಮ್ಮ ನುಡಿಯನ್ನು ಆಮೇಲೆ ಕಲಿಸಿದರಾಯಿತು, ಎಂದು ಅವರಲ್ಲಿ ಎಷ್ಟೋ ಮಂದಿ ನಂಬಿದರಲ್ಲ, ಅದು! ಆ 'ಆಮೇಲೆ' ಎಂಬುದು ಶನಿವಾರ ಇಗರ್ಜಿಯ ಶಾಲೆಯಲ್ಲಿ ಕಳೆಯುವ ಎರಡು ಮೂರು ಗಂಟೆಗಳಿಗೆ ಇಳಿಯುವುದು. ಹತ್ತು ವರ್ಷದ ಹುಡುಗನು ಬ್ಯಾಂಕಿನಲ್ಲಿ ತಂದೆಗೆ ದುಭಾಷಿಯಾಗಿ ನಿಲ್ಲುವನು. ಹದಿನೈದಕ್ಕೆ ಆ ತಂದೆಯೊಡನೆ ಊಟ ನಿದ್ರೆಗಳ ಹೊರತು ಬೇರೊಂದು ವಿಷಯವನ್ನು ಆಡಲಾರನು. ಮುರುಕು ಇಂಗ್ಲಿಷಿನಲ್ಲಿ ಬುದ್ಧಿ ಹೇಳುವ ತಂದೆಯಲ್ಲಿ ಮಗನಿಗೆ ಗೌರವವೆಲ್ಲಿಂದ ಬಂದೀತು?

ಎರಡು ನುಡಿಗಳಿಂದ ಮಗುವಿನ ಬುದ್ಧಿಗೆ ಭಾರವಾಗುವುದೆಂದು ಪೂರ್ವಪಕ್ಷ. ಪಾಠಶಾಲೆಯಲ್ಲಿ ಹಗಲೆಲ್ಲ ಸಂಸ್ಕೃತದ ಸೂತ್ರಗಳನ್ನು ಉರುಹೊಡೆದ ನಾವು ಸಂಜೆ ತಾಯಿಯನ್ನು ಕನ್ನಡದಲ್ಲಿಯೇ ಅನ್ನ ಕೇಳಿದೆವು. ಪಾಣಿನಿಗೆ ಇದರಿಂದ ಯಾವ ಕುಂದೂ ಬರಲಿಲ್ಲ.

ಇದು ಯಾವ ನುಡಿಯೆಂಬುದನ್ನಾದರೂ ನೆನೆಯಬೇಡವೆ? ಪಾಮರರೂ ಓದಲೆಂದು ಸೆಜೋಂಗ್ ದೊರೆಯು 1443ರಲ್ಲಿ ಇಪ್ಪತ್ತೆಂಟು ಅಕ್ಷರಗಳನ್ನು ರೂಪಿಸಿ 1446ರಲ್ಲಿ ಪ್ರಕಟಿಸಿದ ಲಿಪಿ ಇದರದು. ಜಪಾನಿನ ಆಳ್ವಿಕೆಯು 1938ರಲ್ಲಿ ಶಾಲೆಗಳಲ್ಲಿ ಇದನ್ನು ಐಚ್ಛಿಕಕ್ಕೆ ಇಳಿಸಿತು. 1942ರಲ್ಲಿ ನಿಘಂಟು ರಚಿಸುತ್ತಿದ್ದ ಪಂಡಿತರನ್ನು ಸೆರೆಗೆ ತಳ್ಳಿತು. ಯಿ ಯುನ್‌ಜೆ, ಹಾನ್ ಜಿಂಗ್ ಎಂಬ ಇಬ್ಬರು ಸೆರೆಯಲ್ಲಿಯೇ ಸತ್ತರು. ವಶಪಡಿಸಿಕೊಂಡಿದ್ದ ಹಸ್ತಪ್ರತಿಯು 1945ರಲ್ಲಿ ಸಿಯೋಲ್ ರೈಲು ನಿಲ್ದಾಣದ ಉಗ್ರಾಣದಲ್ಲಿ ದೊರೆಯಿತು. ಪರರು ಬಲಾತ್ಕಾರದಿಂದ ಕೀಳಲಾರದುದನ್ನು ಶಾಲೆಯ ಅಂಕಪಟ್ಟಿಗಾಗಿ ತಾವೇ ಕಿತ್ತೊಗೆಯುವುದೆ?

ಶನಿವಾರದ ಶಾಲೆ ಇರಲಿ, ಬೇಡವೆನ್ನುವವನು ನಾನಲ್ಲ. ಆದರೆ ರಾತ್ರಿ ಅಂಗಡಿಯ ಬಾಗಿಲೆಳೆದು ಬಂದ ತಂದೆಯು, ಗಣಿತದಲ್ಲಿ ಎಷ್ಟು ಬಂತೆಂದು ಕೇಳುವ ಮೊದಲು, ಅಂದು ಅಂಗಡಿಗೆ ಯಾರು ಬಂದರು, ಯಾರು ಸಾಲ ಹೇಳಿದರು, ಯಾರು ಜಗಳವಾಡಿದರು ಎಂಬುದನ್ನು ತನ್ನ ನುಡಿಯಲ್ಲಿ ಮಗನಿಗೆ ಹೇಳಲಿ. ಮಗನು ಇಂಗ್ಲಿಷಿನಲ್ಲಿ ಉತ್ತರವಿತ್ತರೂ ತಾನು ನುಡಿಯನ್ನು ಬದಲಿಸದಿರಲಿ.