ಗಂಟೆ ಬಾರಿಸುವ ತಂತಿ

ಬ್ರಾಡ್‌ಬ್ಯಾಂಡ್ ಕುಂಟತೊಡಗಿದರೆ ಬ್ರಿಟನ್ನಿನ ಗೃಹಸ್ಥನು ಮೊದಲು ದೂರುವುದು ಕಂಪೆನಿಯನ್ನು. ಅನಂತರ ಬೀದಿಯ ಕಂಬವನ್ನು. ತನ್ನ ಮನೆಯ ಗೋಡೆಯನ್ನು ಶಂಕಿಸುವವನು ವಿರಳ. ತಾಮ್ರದ ತಂತಿಯನ್ನೇ ನೆಚ್ಚಿರುವ ಹಳೆಯ ಮನೆಗಳಲ್ಲಿ ದೋಷವು ಅನೇಕ ವೇಳೆ ಅಲ್ಲಿಯೇ ಅಡಗಿರುತ್ತದೆ.

ಟೆಲಿಫೋನ್ ವಿನಿಮಯ ಕೇಂದ್ರದಿಂದ ಮನೆಗೆ ಬರುವುದು ಎರಡೇ ತಂತಿ. 1981ರಲ್ಲಿ ಅಲ್ಲಿ ಹೊಸ ಬಗೆಯ ಗೋಡೆಯ ಸಾಕೆಟ್ಟುಗಳು ಬಂದುವು. ಮುಖ್ಯ ಸಾಕೆಟ್ಟಿನಲ್ಲಿ ಒಂದು ಕೆಪಾಸಿಟರನ್ನಿರಿಸಿ, ಅಲ್ಲಿಂದ ಮೂರನೆಯ ತಂತಿಯೊಂದನ್ನು ಉಳಿದ ಕೋಣೆಗಳಿಗೂ ಎಳೆಯಲಾಯಿತು. ಕರೆ ಬಂದಾಗ ಗಂಟೆ ಬಾರಿಸುವುದೇ ಅದರ ಕೆಲಸ. ಮಾತು ಸಾಗಲು ಸೆಕೆಂಡಿಗೆ 300ರಿಂದ 3,400 ಕಂಪನಗಳ ಎಲ್ಲೆಯೇ ಸಾಕಾದುದರಿಂದ, ಆ ತಂತಿಯಿಂದ ಯಾರಿಗೂ ತೊಂದರೆಯಾಗಲಿಲ್ಲ.

2000ದಲ್ಲಿ ಅದೇ ತಂತಿಗಳ ಮೇಲೆ ಬ್ರಾಡ್‌ಬ್ಯಾಂಡ್ ಹರಿಯತೊಡಗಿತು. ಎ.ಡಿ.ಎಸ್.ಎಲ್. ಎಂಬ ಆ ಪದ್ಧತಿಗೆ ಸೆಕೆಂಡಿಗೆ ಸುಮಾರು 11 ಲಕ್ಷ ಕಂಪನಗಳವರೆಗೆ ಬೇಕು. ಮಧ್ಯಮ ತರಂಗದ ಅನೇಕ ರೇಡಿಯೊ ಕೇಂದ್ರಗಳು ನುಡಿಯುವುದೂ ಈ ಎಲ್ಲೆಯೊಳಗೆಯೇ.

ಜೋಡಿ ತಂತಿಗಳನ್ನು ಒಂದಕ್ಕೊಂದು ಹುರಿಮಾಡಿರುವುದಕ್ಕೆ ಕಾರಣವುಂಟು. ಹೊರಗಿನ ರೇಡಿಯೊ ಅಲೆ ಎರಡರ ಮೇಲೂ ಸಮನಾಗಿ ಬೀಳುತ್ತದೆ. ಮೋಡೆಮ್ ಎರಡರ ನಡುವಣ ವ್ಯತ್ಯಾಸವನ್ನಷ್ಟೇ ಗಮನಿಸುವುದರಿಂದ ಸಮನಾದ ಗದ್ದಲ ಅದಕ್ಕೆ ಕೇಳಿಸದು. ಮೂರನೆಯ ತಂತಿಯಾದರೋ ಕೆಪಾಸಿಟರಿನ ಮೂಲಕ ಈ ಜೋಡಿಯ ಒಂದು ತಂತಿಗೆ ಮಾತ್ರ ಸೇರಿದೆ. ಗೋಡೆಯುದ್ದಕ್ಕೂ ಚಾಚಿಕೊಂಡ ಅದು ಏರಿಯಲ್ಲಿನಂತೆ ಗದ್ದಲವನ್ನು ಹಿಡಿದು ಒಂದೇ ಕಡೆಗೆ ಕೂಡಿಸುತ್ತದೆ. ಸಮತೋಲ ಕೆಡುತ್ತದೆ, ವೇಗ ಕುಗ್ಗುತ್ತದೆ. ಕತ್ತಲಾದ ಮೇಲೆ ಮಧ್ಯಮ ತರಂಗಗಳು ಬಹುದೂರ ಸಾಗಬಲ್ಲುವು. ಆದುದರಿಂದ ಹಗಲೆಲ್ಲ ಸರಿಯಾಗಿದ್ದ ಸಂಪರ್ಕ ರಾತ್ರಿ ಕಡಿದುಹೋಗುವುದೂ ಉಂಟು.

ಪರೀಕ್ಷೆ ಸುಲಭ. ಮುಖ್ಯ ಸಾಕೆಟ್ಟಿನ ಮುಚ್ಚಳ ಎರಡು ಭಾಗವಾಗಿದ್ದರೆ ಕೆಳಗಿನದನ್ನು ಬಿಚ್ಚಬೇಕು. ಬಿಚ್ಚಿದೊಡನೆ ಮನೆಯ ಒಳತಂತಿಗಳೆಲ್ಲ ಬೇರ್ಪಟ್ಟು, ಪರೀಕ್ಷೆಗೆಂದೇ ಇರುವ ಸಾಕೆಟ್ಟು ಕಾಣುತ್ತದೆ. ಫಿಲ್ಟರಿನೊಡನೆ ಮೋಡೆಮನ್ನು ಅಲ್ಲಿ ಜೋಡಿಸಿದಾಗ ವೇಗ ಏರಿದರೆ ದೋಷ ಮನೆಯೊಳಗಿನದು. ಆಗ ಮುಚ್ಚಳದ ಹಿಂಬದಿಯಲ್ಲಿ 3 ಎಂಬ ಅಂಕಿಯ ಬಳಿಯ ತಂತಿಯನ್ನು ಬಿಡಿಸಿದರಾಯಿತು. 2 ಮತ್ತು 5ರ ತಂತಿಗಳು ಹಾಗೆಯೇ ಇರಬೇಕು. ಗಂಟೆ ಮೂಕವಾದೀತೆಂಬ ಭಯ ಬೇಡ. ಇತ್ತೀಚಿನ ಬಹುಪಾಲು ಟೆಲಿಫೋನುಗಳಿಗೆ ಎರಡೇ ತಂತಿ ಸಾಕು. ಹಳೆಯವುಗಳಿಗೆ ಫಿಲ್ಟರಿನೊಳಗಣ ಕೆಪಾಸಿಟರು ಆ ಕೆಲಸ ಮಾಡಿಕೊಡುತ್ತದೆ. ಬೀದಿಯಿಂದ ಮುಖ್ಯ ಸಾಕೆಟ್ಟಿನವರೆಗಿನ ತಂತಿ ಮಾತ್ರ ಸಂಸ್ಥೆಯ ಸ್ವತ್ತು, ಅದನ್ನು ಮುಟ್ಟಲಾಗದು.

ಗಾಜಿನೆಳೆ ಮನೆಯೊಳಗೆ ಬಂದಿರುವಲ್ಲಿ ಈ ಪಾಡಿಲ್ಲ. ಅಲ್ಲಿಯವರೆಗೆ, ಹೆಚ್ಚಿನ ವೇಗದ ಆಸೆಗೆ ತಿಂಗಳು ತಿಂಗಳೂ ಹೆಚ್ಚು ಹಣ ತೆರುವ ಮುನ್ನ, ಎರಡು ತಿರುಪುಗಳನ್ನು ಬಿಚ್ಚಿ ನೋಡುವುದು ಲೇಸು.